ದುಬೈ–ಮಸ್ಕತ್: ಒಂದು ಗಂಟೆ ಹತ್ತು ನಿಮಿಷ

ನವೆಂಬರ್ 18, ಸೋಮವಾರ

ಬೆಳಿಗ್ಗೆಯಿಂದ ಮೂರು ಜಾತಕ, ಎರಡು ಫೋಟೊ, ಒಂದು ಜಗಳ. ಆಮೇಲೆ ವಿನೋಬನಗರದ ಮೈಲಮ್ಮನ ಮನೆ. ಮಗಳು ಐಶ್ವರ್ಯ ದುಬೈನಲ್ಲಿ ನರ್ಸ್. ನಾನು ತಂದ ಹುಡುಗ, ಹರಿಹರದ ಬಸವಪ್ರಭು, ಮಸ್ಕತ್‌ನಲ್ಲಿ ಇಂಜಿನಿಯರ್. ಇಬ್ಬರೂ ರಜೆಗೆ ಬಂದಿದ್ದಾರೆ. ಕೆಲಸ ಬಿಡುವುದಿಲ್ಲವೆಂದು ಹುಡುಗಿಯ ಹಟ.

"ದ್ರಾಕ್ಷಾಯಣಮ್ಮಾರೆ, ದೇಶನೇ ಬ್ಯಾರೆ ಅಲ್ರಿ. ಸಂಸಾರ ಹೆಂಗ್ರಿ?" ಮೈಲಮ್ಮನ ಅನುಮಾನ.

ಫೋನ್‌ನಲ್ಲಿ ತೋರಿಸಿದೆ. ಮುನ್ನೂರೈವತ್ತು ಕಿಲೋಮೀಟರ್. ವಿಮಾನ ಒಂದು ಗಂಟೆ ಹತ್ತು ನಿಮಿಷ. "ರೈಲ್ವೆ ಗೇಟ್ ಬಿದ್ರೆ ಹರಿಹರ ಮುಟ್ಟಾಕೂ ಅಷ್ಟೇ ಬೇಕು ನೋಡ್ರಿ. ವಾರವಾರ ಬಂದು ಹೋಗ್ತಾನೆ ಅಳಿಯ."

ನಕ್ಕಳು. ಹುಡುಗಿಯ ತಾಯಿ ನಕ್ಕರೆ ಅರ್ಧ ಮದುವೆ ಆದಂತೆ.

ನವೆಂಬರ್ 20, ಬುಧವಾರ

ಬಸವಪ್ರಭು ಬಂದಿದ್ದ. ಒಬ್ಬನೇ.

"ಅಮ್ಮಾರೆ, ಹುಡುಗಿ ಮನೆಯವ್ರಿಗೆ ಒಂದು ಮಾತು ತಿಳಿಸಿಬಿಡ್ರಿ. ಮಸ್ಕತ್‌ನಾಗೆ ಐತಲ್ಲ, ಅದು ಬರೇ ಆಫೀಸು. ನಾನಿರೋದು ಮರಳುಗಾಡಿನ ಕ್ಯಾಂಪ್. ಮಸ್ಕತ್‌ನಿಂದ ಬಸ್ಸಿಗೆ ಏಳು ತಾಸು. ಹೆಂಗಸರನ್ನ ಬಿಡಂಗಿಲ್ಲ. ರಜ ವರ್ಷಕ್ಕೊಂದ್ಸಲ."

"ನೀನೇ ಹೇಳಪ್ಪ."

"ನನಗೆ ಬಾಯಿ ಬರಲ್ರಿ."

ಹೇಳ್ತೀನಿ ಹೋಗು ಅಂದೆ. ನನ್ನ ಪುಸ್ತಕದಲ್ಲಿ ಇದು ನಲವತ್ತನೇ ಸಂಬಂಧ. ಹದಿನೈದು ದಿನಕ್ಕೆ ಮುಹೂರ್ತ. ಏಳು ತಾಸಿನ ಮಾತೆತ್ತಿದರೆ ಮೈಲಮ್ಮನ ನಗು ನಿಂತೀತು… ಅಕ್ಷತೆ ಬೀಳಲಿ. ಬಿದ್ದ ಮೇಲೆ ಎಲ್ಲ ದೂರವೂ ತಾನಾಗಿ ಕಮ್ಮಿಯಾಗುತ್ತದೆ.

ಡಿಸೆಂಬರ್ 5, ಗುರುವಾರ

ಅಕ್ಷತೆ ಬಿತ್ತು. ಹೋಳಿಗೆ ಸಾಲಲಿಲ್ಲ. ಹೇಳಲು ಪುರುಸೊತ್ತೂ ಸಿಗಲಿಲ್ಲ — ಹಾಗಂತ ಬರೆದುಕೊಂಡಿದ್ದೇನೆ.

ಮಾರ್ಚ್ 30, ಯುಗಾದಿ

ಗಂಡ ಹೆಂಡತಿ ತಂತಮ್ಮ ಕೆಲಸಕ್ಕೆ ತಿರುಗಿ ಹೋದ ಮೇಲೆ ಒಮ್ಮೆಯೂ ಸೇರಿಲ್ಲ. ಮೈಲಮ್ಮ ಬೇವು-ಬೆಲ್ಲದ ನೆಪದಲ್ಲಿ ಬಂದಳು.

"ಮಸ್ಕತ್ ಅಂತ ಹೇಳಿ ಮರಳಾಗೆ ಕುಂತಾನೆ, ಸುಳ್ಳ! ಇವ್ನ ಸಂಗಾಟ ಬ್ಯಾಡ ಅಂತಾಳೆ ಮಗಳು. ವಕೀಲರನ್ನ ನೋಡೀವಿ."

"ಅವ್ನು ಏನಂತಾನೆ?"

"ನಿಮಗೆ ಮೊದ್ಲೇ ಹೇಳಿದ್ನಂತೆ. ಎಂಥ ಧೈರ್ಯ ನೋಡ್ರಿ!"

ಎದ್ದು ಹೋಗಿ ಚಹಾಕ್ಕಿಟ್ಟೆ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ 11

ಐಶ್ವರ್ಯಳ ಫೋನ್. ಡ್ಯೂಟಿ ಮಧ್ಯೆ. ಹಿಂದೆ ಯಾವುದೋ ಮಷಿನ್ ಬೀಪ್ ಬೀಪ್.

"ಒಂದೇ ಮಾತು ಅಮ್ಮಾರೆ. ಅವ್ರು ನಿಮಗೆ ಮೊದ್ಲೇ ಹೇಳಿದ್ರಾ?"

ಇಲ್ಲ ಎಂದರೆ ಅವನು ಸುಳ್ಳ, ಮದುವೆ ಮುರಿಯಿತು. ಹೌದು ಎಂದರೆ ದಾವಣಗೆರೆಯ ಯಾವ ಮನೆಯೂ ಇನ್ನು ನನಗೆ ಮಣೆ ಹಾಕುವುದಿಲ್ಲ. ಇಪ್ಪತ್ತೆರಡು ವರ್ಷ ಬಾಯಿಂದಲೇ ಕಟ್ಟಿದ ಹೆಸರು.

"ಹೇಳಿದ್ದ. ನಾನೇ ನುಂಗಿದೆ."

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ನಮ್ಮವ್ವನ ಮುಂದೆ ಹೇಳ್ತೀರಾ?"

"ಹೇಳ್ತೀನಿ."

"ಇವತ್ತೇ?"

ಚಪ್ಪಲಿ ಮೆಟ್ಟಿದ್ದೇನೆ. ಆಟೊ ಬರುವಷ್ಟರಲ್ಲಿ ಇಷ್ಟು ಬರೆದೆ. ಎಷ್ಟೋ ಮನೆಯಲ್ಲಿ ಮಾತು ಶುರು ಮಾಡಿದವಳು, ಇದನ್ನು ಹೇಗೆ ಶುರು ಮಾಡಲಿ? ಮೈಲಮ್ಮ, ನಿಮ್ಮ ಅಳಿಯ ಸುಳ್ಳ ಅಲ್ಲ… ಆಟೊ ಬಂತು.