ಅಂಚು ಕತ್ತರಿಸಿದ ಪುಸ್ತಕಗಳು

ಮಾರ್ಚ್ ೧೪, ಅಂಗಡಿಯ ಮೇಜಿನಿಂದ

ಪ್ರೀತಿಯ ಚೂಟಿ,

ಹಲ್ಲುನೋವು ಹೇಗಿದೆ? ಕೀಳಿಸಿದೆಯೋ, ಇನ್ನೂ ಕೆನ್ನೆ ಹಿಡಿದುಕೊಂಡೇ ವಾರ್ಡಿನಲ್ಲಿ ಓಡಾಡುತ್ತಿದ್ದೀಯೋ? ನರ್ಸಾದರೇನು, ನಿನ್ನ ಹಲ್ಲು ತೋರಿಸಲು ನೀನು ಮೀನಮೇಷ ಎಣಿಸುವವಳೇ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಮುಂದಿನ ತಿಂಗಳು ಬಂದು ನಿನ್ನ ಆಟದ ಪುಸ್ತಕಗಳ ಪೆಟ್ಟಿಗೆ ಒಯ್ಯುತ್ತೇನೆ ಎಂದು ಬರೆದಿದ್ದೆಯಲ್ಲ, ಆ ಪೆಟ್ಟಿಗೆಯ ವಿಷಯವನ್ನೇ ಹೇಳಬೇಕು. ಕೂತುಕೊಂಡು ಓದು. ಮೇಜಿನ ಸುತ್ತ ನಾಲ್ಕು ಜನ ಕೂತು, ದಾಳ ಉರುಳಿಸಿ, ಇಲ್ಲದ ಗುಹೆಯೊಳಗೆ ಹೋಗಿಬರುವ ಆಟಕ್ಕೆ ಇಷ್ಟೊಂದು ಪುಸ್ತಕ ಯಾಕೆ ಎಂದು ನಾನು ಕೇಳಿದರೆ ನೀನು, "ಇವು ಕಮ್ಮಿ ನಿಯಮದ ಹಳೇ ಥರದ ಆಟ ಅಪ್ಪ, ದಪ್ಪ ಪುಸ್ತಕದ ಆಟ ನಂಗೆ ಬೇಡ" ಎನ್ನುತ್ತಿದ್ದೆ. ನಿಜ, ಒಂದೊಂದೂ ಹದಿನಾರೋ ಇಪ್ಪತ್ತನಾಲ್ಕೋ ಪುಟ, ನಡುವೆ ಎರಡೇ ಪಿನ್ನು. ಹೋದ ವಾರ ತೆಗೆದು ನೋಡಿದರೆ ಪಿನ್ನಿಗೆಲ್ಲ ತುಕ್ಕು. ಬೈಂಡರನ ಮನೆಯಲ್ಲಿ ಪುಸ್ತಕಕ್ಕೆ ಈ ಗತಿಯೇ ಎನ್ನಿಸಿತು. ಮೂವತ್ತೊಂದನ್ನೂ ಬಿಚ್ಚಿ, ಒಟ್ಟಿಗೆ ಹೊಲಿದು, ಎಲ್ಲಕ್ಕಿಂತ ಚಿಕ್ಕದರ ಅಳತೆಗೆ ಉಳಿದವುಗಳ ಅಂಚು ಕತ್ತರಿಸಿ, ಹಸಿರು ಬಟ್ಟೆಯ ರಟ್ಟು ಹಾಕಿದೆ. ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ನಿನ್ನ ಹೆಸರು. ಸುಳ್ಳೇಕೆ, ಜಂಬವೂ ಪಟ್ಟೆ.

ನಿನ್ನ ಆಟದ ಜೊತೆಗಾತಿ, ಆ ಕನ್ನಡಕದ ಟೀಚರು, ಒಂದು ಪುಸ್ತಕ ಎರವಲು ಕೇಳಲು ಬಂದಳು. ತೋರಿಸಿದೆ. ನಿಂತಲ್ಲೇ ಕೂತುಬಿಟ್ಟಳು. "ಅಂಕಲ್, ಇವು ಪಿನ್ನಿನ ಸಮೇತ ಹೆಂಗಿದ್ವೋ ಹಂಗೇ ಇರಬೇಕು. ಅವಳು ಕೂಡಿಟ್ಟಿದ್ದೇ ಅದಕ್ಕೆ" ಎಂದಳು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆಯಾಯಿತು ಎಂದುಕೊಂಡೆ. ಆದರೆ ಅವಳು ಪುಟ ತಿರುವುತ್ತಾ ಮೆಲ್ಲಗೆ, "ಆಂಟಿ ಬರೆದಿದ್ದೆಲ್ಲ ಎಲ್ಲೋಯ್ತು?" ಎಂದಳು.

ಹಾಸಿಗೆ ಹಿಡಿದ ಆ ಕೊನೆಯ ವರ್ಷ ನಿನ್ನಮ್ಮ ನಿನ್ನ ಜೊತೆ ಆಡುತ್ತಾ ನಗುತ್ತಿದ್ದುದು ನನಗೆ ಇಲ್ಲಿ ಅಂಗಡಿಗೆ ಕೇಳುತ್ತಿತ್ತು. ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳೆಂದು ಗೊತ್ತಿರಲಿಲ್ಲ. ಬೈಂಡರ್ ಪುಟಸಂಖ್ಯೆ ನೋಡಬೇಕು, ಓದಬಾರದು, ಓದುತ್ತಾ ಕೂತರೆ ಕೆಲಸ ಕೆಟ್ಟಿತು ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ನಲವತ್ತು ವರ್ಷ ಹಾಗೇ ನಡೆದುಕೊಂಡೆ, ಈಗ ಅವಳ ಅಕ್ಷರವನ್ನೇ ಕತ್ತರಿಸಿ ಹಾಕಿದೆ. ತಪ್ಪಾಯಿತು ಮಗಳೇ.

ಪುಣ್ಯಕ್ಕೆ ಅಂಚು ಕತ್ತರಿಸುವ ಮೆಷಿನ್ನಿನ ಕೆಳಗಿನ ರದ್ದಿ ಚೀಲ ಇನ್ನೂ ಹೋಗಿರಲಿಲ್ಲ. ನೆಲದ ಮೇಲೆ ಸುರಿದುಕೊಂಡು ಮೂರು ದಿನ ಹುಡುಕಿದೆ. ಶಾಲೆಯ ನೋಟ್‌ಬುಕ್ಕುಗಳ ಚೂರಿನ ನಡುವೆ ಅವಳ ಅಕ್ಷರ ಸಿಗುತ್ತಾ ಹೋಯಿತು. "ಬಾಗಿಲು ಒಡೀಬೇಡ, ತಟ್ಟು." "ಪಾಪ, ಈ ರಾಕ್ಷಸನಿಗೆ ಹಸಿವು ಅಷ್ಟೇ." ಅವಳ ದನಿಯೇ ಕೇಳಿದಂತಾಯಿತು. ಹೊಲಿಗೆ ಬಿಚ್ಚಿದ್ದೇನೆ, ಮೂವತ್ತೊಂದೂ ಮತ್ತೆ ಬೇರೆಬೇರೆ. ಒಂದೊಂದು ಚೂರನ್ನೂ ಅದರದರ ಪುಟಕ್ಕೆ ತೆಳು ಕಾಗದ ಕೊಟ್ಟು ಅಂಟಿಸುತ್ತಿದ್ದೇನೆ. ಮೊದಲಿನ ಹಾಗಾಗುವುದಿಲ್ಲ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಬಂದು ಎದುರಿಗೇ ಬೈ.

ನಿನ್ನ ರೂಮಿನ ಗೆಳತಿಗೆ ನೆನಪು ತಿಳಿಸು. ಎಲ್ಲಿದ್ದರೂ ತಣ್ಣಗಿರು, ಕಂದ.

ನಿನ್ನ
ಅಪ್ಪ

ತಾ.ಕ.: ಒಂದು ಚೂರು ಯಾವ ಪುಟಕ್ಕೂ ಹೊಂದುತ್ತಿಲ್ಲ. "ಅಪ್ಪನ್ನೂ ಆಟಕ್ಕೆ ಕರಿ, ಅವರಾಗಿ ಕೇಳಲ್ಲ" ಎಂದಿದೆ. ಅವಳು ಬರೆದದ್ದು ಸುಳ್ಳಲ್ಲ. ಇದನ್ನು ಎಲ್ಲಿ ಅಂಟಿಸಲಿ, ಹೇಳು.