ದಿಂಬಿನ ಮೇಲಿನ ಕೂದಲು

ಅಕ್ಕಾ,

ನೀನು ಹೋಗಿ ಎರಡು ವರ್ಷವಾಯಿತು, ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಲಿ? ಆದರೂ ಬರೆಯದಿದ್ದರೆ ನನ್ನ ಸಿಟ್ಟು ಆರುವುದಿಲ್ಲ.

ಕಣ್ಣು ತೋರಿಸಲು ಮಗ ಸೊಸೆ ನನ್ನನ್ನು ನಗರಕ್ಕೆ ಕರೆದೊಯ್ದು ಹೋಟೆಲಿನಲ್ಲಿ ಇಳಿಸಿದರು. ಕೋಣೆಗೆ ಹೋದವಳೇ ಹಾಸಿಗೆಯ ಮೇಲೆ ಉರುಳಿಕೊಂಡೆ. ಎದ್ದು ಮುಖ ತೊಳೆದು ಬರುವಷ್ಟರಲ್ಲಿ ಸೊಸೆ ದಿಂಬಿನ ಮೇಲೆ ಒಂದು ಕೂದಲು ಕಂಡು ಮ್ಯಾನೇಜರನ್ನೇ ಕರೆಸಿದ್ದಳು. ದಿನಾ ನೋಡುವ ಅತ್ತೆಯ ಕೂದಲು ಗುರುತು ಸಿಗಲಿಲ್ಲ ಮಹಾರಾಯಿತಿಗೆ! ಅವನು ಹಾಸಿಗೆ ಹಾಸುವ ಹೆಂಗಸನ್ನು ಕರೆತಂದು ನಿಲ್ಲಿಸಿದ್ದ. ಸೊಸೆಯ ತಾಯಿಯ ವಯಸ್ಸು ಆಕೆಗೆ.

"ಕಣ್ಣು ಕಾಣಲ್ವಾ ನಿಂಗೆ? ನಾಳೆಯಿಂದ ಬರೋದೇ ಬೇಡ!" ಎಂದು ಮ್ಯಾನೇಜರ್ ಆಕೆಯನ್ನು ಗದರಿದ.

ನನ್ನ ಮೈಯೆಲ್ಲ ಉರಿದುಹೋಯಿತು. ತುರುಬು ಬಿಚ್ಚಿ ಒಂದು ಕೂದಲು ಕಿತ್ತು ಅವನ ಮೂಗಿನ ಕೆಳಗೆ ಹಿಡಿದೆ.

"ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಪ್ಪಾ! ಬುಡ ಬಿಳಿ, ತುದಿ ಕೆಂಪು. ಈ ಹೋಟೆಲಲ್ಲಿ ಇಂಥ ತಲೆ ಇನ್ನೊಂದಿದ್ರೆ ತೋರ್ಸು. ಕಣ್ಣಿನ ಡಾಕ್ಟ್ರ ಹತ್ರ ನೀನು ಹೋಗ್ಬೇಕು, ನಾನಲ್ಲ!"

"ಅತ್ತೆ, ಸುಮ್ನಿರಿ, ಮರ್ಯಾದೆ ಹೋಗತ್ತೆ" ಎಂದಳು ಸೊಸೆ.

"ಹೋಗೋದು ಸುಳ್ಳು ದೂರು ಕೊಟ್ಟೋರ ಮರ್ಯಾದೆ ಕಣೇ."

ಮ್ಯಾನೇಜರ್ ಆ ಹೆಂಗಸಿಗೆ "ನಾಳೆ ಬಾ" ಎಂದು ಗೊಣಗಿ, ಬಾಲ ಮುದುರಿಕೊಂಡು ಹೋದ.

ಆಕೆ ಹೊಸ ಹೊದಿಕೆ ಹಾಸುತ್ತಾ, "ನಮ್ಮಂಥೋರ ಪರ ಯಾರಮ್ಮಾ ಮಾತಾಡ್ತಾರೆ?" ಎಂದಳು.

"ನನ್ನಕ್ಕ ಇದೇ ಕೆಲಸ ಮಾಡಿ ನನ್ನ ಮದುವೆ ಮಾಡಿದ್ಲು" ಎಂದೆ.

ಅಕ್ಕಾ, ಯಾರು ಕೇಳಿದರೂ ನಾನು ನಿನ್ನನ್ನು ಆಸ್ಪತ್ರೆಯ ನರ್ಸ್ ಎಂದೇ ಹೇಳುತ್ತಿದ್ದೆ. ಒಮ್ಮೆ ನಿನ್ನ ಎದುರಿಗೇ ಹೇಳಿದೆ. ನೀನು ಹೌದೆಂದು ತಲೆಯಾಡಿಸಿದೆ.