ಶೆಕ್ಸ್ನಾದ ನೀರುಬಾಗಿಲು

ಗೋರಿತ್ಸಿ ಹಡಗುಕಟ್ಟೆ,
ಜುಲೈ 14, 2009

ನನ್ನ ಮುದ್ದು ಅಗ್ನ್ಯೂಶಾ,

ನಿನ್ನ ಅಮ್ಮ ಚೆನ್ನಾಗಿದ್ದಾಳೆ, ಗಾಬರಿಯಾಗಬೇಡ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯೆ, ನಾನು ಹೇಳಬೇಕಾದ್ದನ್ನು ಮರೆತು ಸೌತೆಕಾಯಿ ಉಪ್ಪಿನಕಾಯಿಯ ಮಾತಿಗೆ ಇಳಿದುಬಿಡುತ್ತೇನೆ. ಕಾಗದದಲ್ಲಾದರೆ ನೀನು ಸುಮ್ಮನೆ ಕೇಳಲೇಬೇಕು.

ಹಡಗು ಚೊಕ್ಕಟವಾಗಿದೆ. ಕೋಣೆ ಚಿಕ್ಕದು, ಆದರೆ ಕಿಟಕಿ ನೀರಿಗೆ ತೀರಾ ಹತ್ತಿರ. ಬೆಳಗಿನ ಗಂಜಿಗೆ ಬೆಣ್ಣೆ ಕಡಿಮೆ ಹಾಕುತ್ತಾರೆ, ಅದೊಂದು ಬಿಟ್ಟರೆ ದೂರಿಲ್ಲ. ಊಟದ ಮೇಜಿನಲ್ಲಿ ನನ್ನ ಜೊತೆ ತೂಲಾ ಊರಿನ ಕಪಿತೊಲಿನಾ ಸಾವಿಶ್ನಾ ಎಂಬ ಹೆಂಗಸು ಕೂರುತ್ತಾಳೆ. ಆಯಸ್ಸೆಲ್ಲ ಟ್ರ್ಯಾಮ್ ಓಡಿಸಿದವಳು. ಈಗಲೂ ಮಾತಾಡುವಾಗ ಎದುರಿಗೆ ಯಾರೋ ಅಡ್ಡ ಬಂದ ಹಾಗೆ ಗದರುತ್ತಾಳೆ. ಮೊದಲ ದಿನ ಬೀಟ್‌ರೂಟ್ ಸಾರು ಬರುವ ಮೊದಲೇ ಕೇಳಿಬಿಟ್ಟಳು, "ಏನಮ್ಮಾ, ಒಬ್ಬಳೇ ಬಂದಿದೀಯಾ? ಯಜಮಾನ್ರು?"

ನಾನು "ಇಲ್ಲ" ಎಂದೆ.

ಜೊತೆಗೆ ಬಂದಿಲ್ಲ ಎಂಬ ಅರ್ಥದಲ್ಲೇ ಹೇಳಿದ್ದು. ಅವಳು ಚಮಚ ಕೆಳಗಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು, "ಅಯ್ಯೋ, ದೇವರು ಅವರ ಆತ್ಮಕ್ಕೆ ಶಾಂತಿ ಕೊಡ್ಲಿ" ಎಂದಳು. ನಾನು ತಿದ್ದಬೇಕಿತ್ತು. ಆದರೆ ಗಂಡ ಬದುಕಿದ್ದಾನೆ, ನಾವು ಬೇರೆಯಾಗಿಲ್ಲ, ಒಟ್ಟಿಗೂ ಇಲ್ಲ ಎಂದು ಸಾರು ತಣ್ಣಗಾಗುವ ಮೊದಲು ಹೇಗೆ ವಿವರಿಸುವುದು ಹೇಳು. ಸಾರು ಬಂತು, ಕುಡಿದೆ. ಉಗ್ಲಿಚ್‌ನಲ್ಲಿ ಇಳಿದಾಗ ಅವಳು ನದಿದಂಡೆಯ ಕೆಂಪು ಚರ್ಚಿಗೆ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. "ಹೆಸರೇನು ನಿನ್ನೋರದ್ದು?" ಎಂದಳು. "ಯೆಫಿಮ್" ಎಂದೆ. ತೀರಿಕೊಂಡವರ ಸಾಲಿನಲ್ಲಿ ನಿನ್ನ ಅಪ್ಪನ ಹೆಸರಿಗೆ ಒಂದು ದಪ್ಪ ಮೇಣದ ಬತ್ತಿ ಹಚ್ಚಿದಳು. ನಾನು ಪಕ್ಕದಲ್ಲಿ ನಿಂತು ತಲೆ ತಗ್ಗಿಸಿದ್ದೆ. ನಗು ಬಂತೋ ಅಳು ಬಂತೋ ಈಗಲೂ ತಿಳಿಯದು.

ಯಾರೊಸ್ಲಾವ್ಲ್‌ನಲ್ಲಿ ಸಂಜೆ ದಂಡೆಯ ಮೇಲೆ ಯಾರೋ ಅಕಾರ್ಡಿಯನ್ ನುಡಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಿನ್ನ ಅಪ್ಪ ನನ್ನನ್ನು ಮರದ ದಿಮ್ಮಿ ಸಾಗಿಸುವ ದೋಣಿಯಲ್ಲಿ ಕೂರಿಸಿಕೊಂಡು ಈ ಊರಿಗೆ ಕರೆತಂದಿದ್ದರು. ನನ್ನ ಹೊಸ ಲಂಗಕ್ಕೆಲ್ಲ ದೇವದಾರು ಅಂಟು ಹತ್ತಿತ್ತು. "ಇನ್ನು ನೀನು ಎಲ್ಲಿ ಕೂತ್ರೂ ಅಲ್ಲೇ ಅಂಟ್ಕೋತೀಯ ಬಿಡು" ಎಂದು ಅವರು ದಾರಿಯುದ್ದಕ್ಕೂ ನಕ್ಕಿದ್ದರು. ಆ ದಂಡೆಯಲ್ಲೇ ನಿಂತು ಐಸ್‌ಕ್ರೀಮ್ ತಿಂದಿದ್ದೆವು. ಈ ಸಲವೂ ಒಂದು ಕೊಂಡು ತಿಂದೆ. ಈಗಿನದು ಬರೀ ಸಕ್ಕರೆ.

ಮಗಳೇ, ಈಗ ನಿನ್ನನ್ನೊಂದು ಮಾತು ಕೇಳಬೇಕು. ಈ ಟಿಕೆಟ್ ತಂದುಕೊಟ್ಟಾಗ ನೀನು ಚರ್ಚುಗಳ ಬಗ್ಗೆ, ಹಳೆಯ ಊರುಗಳ ಬಗ್ಗೆ ಅಷ್ಟೊಂದು ಹೇಳಿದೆ. ದಾರಿಯಲ್ಲಿ ಶೆಕ್ಸ್ನಾ ಸಿಗುತ್ತದೆಂದು ಒಂದೇ ಒಂದು ಸಲವೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ ಅನ್ನು. ಹೋಗಲಿ, ಆ ಲೆಕ್ಕಕ್ಕೆ ನಾವಿಬ್ಬರೂ ಸಮ.

ಹಡಗುಗಳನ್ನು ಏರಿಸಿ ಇಳಿಸುವ ಆ ನೀರುಬಾಗಿಲನ್ನು ನಿನ್ನ ಅಪ್ಪ ನೋಡಿಕೊಳ್ಳುತ್ತಿದ್ದಾಗ, ಅದರ ಪಕ್ಕದ ಹಳದಿ ಮನೆಯಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿದೆ. ನಿನಗೆ ಎಷ್ಟು ನೆನಪಿದೆಯೋ! ಬೇಸಿಗೆಯಲ್ಲಿ ನಾನು ಬಟ್ಟೆ ಒಣಹಾಕುವ ಹೊತ್ತಿಗೆ ಸರಿಯಾಗಿ ಪ್ರವಾಸದ ಹಡಗು ಬರುತ್ತಿತ್ತು. ಅದರೊಳಗೆ ಸಂಗೀತ, ಮೇಲೆ ಬಿಳಿ ಪ್ಯಾಂಟು, ಹೂವಿನ ಟೋಪಿ. ಅವರು ಕೈ ಬೀಸಿದರೆ ನಾನು ಒದ್ದೆ ದಿಂಬಿನ ಚೀಲವನ್ನೇ ಬೀಸುತ್ತಿದ್ದೆ. ಒಂದು ಸಲವಾದರೂ ಅಲ್ಲಿ ಮೇಲೆ ನಿಂತು ಈ ಮನೆಯನ್ನು ನೋಡಬೇಕು ಎಂದು ನಿನ್ನ ಅಪ್ಪನಿಗೆ ಹೇಳಿದರೆ, "ಅದಕ್ಕೆ ದುಡ್ಡು ಯಾಕೆ ಕೊಡ್ತೀಯ, ಛಾವಣಿ ಹತ್ತು, ನಾನೇ ಏಣಿ ಹಿಡೀತೀನಿ" ಎನ್ನುತ್ತಿದ್ದರು. ನೀನು ಹಡಗಿನ ಜೊತೆ ಪಂದ್ಯ ಕಟ್ಟಿ ನೀರುಬಾಗಿಲಿನ ಗೋಡೆಯ ಮೇಲೆ ಓಡುತ್ತಿದ್ದೆ, ಅವರು ನಿನ್ನ ಕಾಲರ್ ಹಿಡಿದು ಹಿಂದಿಂದೆ ಓಡುತ್ತಿದ್ದರು. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದ ಮೇಲೆ ಒಂದು ಸದ್ದೂ ಇರುತ್ತಿರಲಿಲ್ಲ. ಮಾಂಸದ ಕಡುಬು ಕಟ್ಟಿ ಚೀಲದಲ್ಲಿ ತುಂಬಿ ಕಿಟಕಿಯ ಹೊರಗೆ ನೇತುಹಾಕುತ್ತಿದ್ದೆವು. ಅವರು ಒಲೆಯ ಪಕ್ಕ ಕೂತು ನಿನ್ನ ಕಂಬಳಿ ಬೂಟಿಗೆ ತೇಪೆ ಹೊಲಿಯುತ್ತಿದ್ದರು. ಹೊಲಿಗೆ ಕಲಿಸುವವಳು ನಾನು, ಆದರೆ ತೇಪೆ ಅವರದ್ದೇ ಗಟ್ಟಿ.

ಆಮೇಲೆ ಕಲೂಗಾದಲ್ಲಿ ನಿನ್ನ ಅಜ್ಜಿ ಹಾಸಿಗೆ ಹಿಡಿದಳು. ಒಂದು ಚಳಿಗಾಲದ ಮಟ್ಟಿಗೆಂದು ನಿನ್ನನ್ನು ಕರೆದುಕೊಂಡು ಹೋದೆ. ಅಜ್ಜಿ ನಾಲ್ಕು ವರ್ಷ ಇದ್ದಳು. ನೀನು ಅಲ್ಲಿನ ಶಾಲೆಗೆ ಹೊಂದಿಕೊಂಡೆ. ಅವರು ನದಿ ಬಿಟ್ಟು ಬರಲಿಲ್ಲ, ನಾನು "ಬಾ" ಎನ್ನಲಿಲ್ಲ. ನಾನು ಹಿಂತಿರುಗಲಿಲ್ಲ, ಅವರೂ "ಬಾ" ಎನ್ನಲಿಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗುತ್ತಿತ್ತು. ನಮ್ಮದು ಜಗಳವೇ ಅಲ್ಲವಲ್ಲ.

ಮೊನ್ನೆ ಊಟವಾದ ಮೇಲೆ ಹಡಗು ಶೆಕ್ಸ್ನಾ ತಲುಪಿತು. ಕೋಣೆಯಲ್ಲೇ ಕೂರುತ್ತೇನೆ ಎಂದುಕೊಂಡಿದ್ದೆ. ಕಪಿತೊಲಿನಾ ಬಾಗಿಲು ಬಡಿದು, "ಏಳೇ ಮಾರಾಯ್ತಿ, ಹಡಗು ಮೆಟ್ಟಿಲು ಹತ್ತುತ್ತಂತೆ!" ಎಂದು ಕರೆದೊಯ್ದಳು. ನಿನಗೆ ಗೊತ್ತಿರುವುದೇ. ಹಿಂದಿನ ಕಬ್ಬಿಣದ ಬಾಗಿಲು ಮುಚ್ಚಿತು. ಎರಡೂ ಕಡೆ ಪಾಚಿ ಹಿಡಿದ ಎತ್ತರದ ಗೋಡೆ, ಬಾವಿಯೊಳಗೆ ನಿಂತ ಹಾಗೆ. ನೀರು ಬಿಟ್ಟರು. ಹಡಗು ಮೆಲ್ಲಗೆ ಮೇಲೇಳತೊಡಗಿತು. ಕಪಿತೊಲಿನಾ ಕಟಕಟೆ ಹಿಡಿದುಕೊಂಡು, "ಅಯ್ಯಯ್ಯೋ, ಏಳ್ತಾ ಇದೆ ಕಣೇ, ಹಾಲು ಉಕ್ಕೋ ಹಾಗೆ ಏಳ್ತಾ ಇದೆ" ಎನ್ನುತ್ತಿದ್ದಳು. ನನಗೆ ಮೊದಲು ಗೋಡೆಯ ಅಂಚು ಕಂಡಿತು, ಆಮೇಲೆ ಒಂದು ಜೊತೆ ರಬ್ಬರ್ ಬೂಟು. ಆ ನಿಲ್ಲುವ ಭಂಗಿ, ಎಡಗಾಲು ಸ್ವಲ್ಪ ಹೊರಗೆ. ಮೊಣಕಾಲು ಕಂಡಿತು, ನೀಲಿ ಜಾಕೆಟ್ಟು ಕಂಡಿತು, ಟೋಪಿಯ ಕೆಳಗೆ ಬೆಳ್ಳಗಾದ ಗಡ್ಡ ಕಂಡಿತು. ಹಡಗು ನಿಂತಾಗ ನಿನ್ನ ಅಪ್ಪ ಮತ್ತು ನಾನು ಎದುರುಬದುರು ಇದ್ದೆವು. ಮೇಜಿನ ಆ ಬದಿ ಈ ಬದಿ ಕೂತು ಚಹಾ ಕುಡಿಯುವಷ್ಟು ಹತ್ತಿರ.

ಅವರು ನನ್ನತ್ತ ನೋಡಿದರು. ನಕ್ಕರು. ಕೈ ಬೀಸಿದರು. ಪಕ್ಕದವರಿಗೂ ಹಾಗೇ ನಕ್ಕು ಹಾಗೇ ಕೈ ಬೀಸಿದರು.

ಹಡಗಿನವರೆಲ್ಲ ಕೂಗುತ್ತ ಕೈ ಬೀಸುತ್ತಿದ್ದರು. ಕಪಿತೊಲಿನಾ ಎರಡೂ ಕೈ ಎತ್ತಿದ್ದಳು. ನನ್ನ ಕೈ ಮಾತ್ರ ಏಳಲಿಲ್ಲ. ಮುಂದಿನ ಬಾಗಿಲು ತೆರೆಯಿತು, ಹಡಗು ಹೊರಟಿತು. ನನ್ನ ಹಳದಿ ಮನೆ ಕೂಡ ದಾಟಿಹೋಯಿತು. ಈಗ ಅದಕ್ಕೆ ಹಸಿರು ಬಣ್ಣ.

ಕೋಣೆಗೆ ಬಂದು ಪರದೆ ಎಳೆದು ಮಲಗಿದೆ. ಗುರುತೂ ಸಿಗದಷ್ಟು ಮುದುಕಿಯಾದೆನೇ? ಅದಕ್ಕಿಂತ, ಗುರುತು ಸಿಕ್ಕಿಯೂ ಹಾಗೆ ನಕ್ಕರೇ? ಕಪಿತೊಲಿನಾ ಚಹಾ ಹಿಡಿದುಕೊಂಡು ಬಂದಳು. ಹೇಳಿಬಿಟ್ಟೆ, "ಗೋಡೆ ಮೇಲೆ ನಿಂತಿದ್ರಲ್ಲ, ಅವರು ನನ್ನ ಗಂಡ."

"ಎರಡನೆಯೋನಾ?"

"ಇರೋದೇ ಒಬ್ರು."

ಲೋಟ ಕೆಳಗಿಟ್ಟವಳು ಸೊಂಟಕ್ಕೆ ಕೈಕೊಟ್ಟು ನಿಂತಳು. "ಅಲ್ವೇ ರಿಮ್ಮಾ, ಬದುಕಿರೋ ಗಂಡಸಿಗೆ ನನ್ ಕೈಲಿ ಸತ್ತೋರ ದೀಪ ಹಚ್ಚಿಸಿದ್ಯಲ್ಲ! ಈಗ ದೇವ್ರ ಹತ್ರ ಹೋಗಿ ನಾನೇನಂತ ಹೇಳ್ಲಿ? ತಪ್ಪಾಯ್ತು, ವಾಪಸ್ ಕಳ್ಸಿ ಅನ್ಲಾ?" ಅವಳಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂದಿತ್ತು.

ಅಷ್ಟರಲ್ಲಿ ಕಿಟಕಿಯ ಚಿಲಕ ಸರಿಮಾಡಲು ಹಡಗಿನ ಮೆಕ್ಯಾನಿಕ್ ಪ್ರೋಖರ್ ಬಂದ. ಬೆಳಿಗ್ಗೆಯೇ ಹೇಳಿದ್ದೆ, ಆಗ ಬಂದ ಪುಣ್ಯಾತ್ಮ. ನನ್ನ ಮುಖ ನೋಡಿ ಸುತ್ತಿಗೆ ಕೆಳಗಿಟ್ಟ. "ರಿಮ್ಮಾ ಪ್ಲಾತೊನೊವ್ನಾ ಅಲ್ವಾ? ಶೆಕ್ಸ್ನಾದಲ್ಲಿ ಹಡಗು ನಿಂತಾಗೆಲ್ಲ ನಿಮ್ಮ ಎಲೆಕೋಸಿನ ಕಡುಬು ಎಷ್ಟು ತಿಂದಿದೀನಿ! ಯೆಫಿಮ್ ಲುಕಿಚ್‌ನ ನೋಡಿದ್ರಾ?"

"ನಾನು ನೋಡಿದೆ. ಅವರು ನೋಡ್ಲಿಲ್ಲ" ಎಂದೆ. ಮಾತು ಒರಟಾಗೇ ಬಂತು.

"ಅವರೆಲ್ಲಿ ನೋಡ್ತಾರಮ್ಮಾ" ಎಂದ ಪ್ರೋಖರ್. "ಎರಡೂ ಕಣ್ಣಿಗೆ ಪೊರೆ. ಹೋದ ವರ್ಷವೇ ಕೆಲಸ ಬಿಡ್ಸಿದ್ರು. ಜನರ ಹಡಗು ಬಂತು ಅಂದ್ರೆ ಸಾಕು, ಗೋಡೆ ಹತ್ರ ಬಂದು ನಿಂತ್ಕೋತಾರೆ. ಯಾಕ್ ಬರ್ತೀರಾ, ಕಾಲು ಜಾರೀತು ಅಂದ್ರೆ ಬೈತಾರೆ. ಸರಕಿನ ಹಡಗು ಬಂದ್ರೆ ಮಾತ್ರ ಏಳೋದೇ ಇಲ್ಲ."

ಅವನು ಚಿಲಕ ಸರಿಮಾಡಿ ಹೋದ.

ಈ ದಿನ ಗೋರಿತ್ಸಿಯಲ್ಲಿ ಇಳಿದಿದ್ದೇವೆ. ಸನ್ಯಾಸಿನಿಯರ ಮಠದಲ್ಲಿ ಕಪಿತೊಲಿನಾ ಎಲ್ಲಕ್ಕಿಂತ ದೊಡ್ಡ ಬತ್ತಿ ಕೊಂಡು, ಬದುಕಿರುವವರ ಸಾಲಿನಲ್ಲಿ "ಯೆಫಿಮ್‌ಗೆ, ಅವನ ಕಣ್ಣಿಗೆ" ಎಂದು ಜೋರಾಗಿ ಹೇಳಿಯೇ ಹಚ್ಚಿದಳು. ನಾನು ಕಟ್ಟೆಯ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅಜ್ಜಿಯೊಬ್ಬಳು ಪಕ್ಕದಲ್ಲಿ ಹೊಗೆ ಹಾಕಿದ ಮೀನು ಮಾರುತ್ತಿದ್ದಾಳೆ, ಕಾಗದಕ್ಕೆ ಅದರ ವಾಸನೆ ಹತ್ತಿದರೆ ಮೂಗು ಮುರಿಯಬೇಡ. ಸಂಜೆ ಹಡಗು ಒನೆಗಾ ಸರೋವರದ ಕಡೆಗೆ ಹೊರಡುತ್ತದೆ. ಕಿಝಿಯ ಮರದ ಚರ್ಚು ನೋಡಿ, ಪೀಟರ್ಸ್‌ಬರ್ಗ್ ಮುಟ್ಟಿ, ಅಲ್ಲಿಂದ ರೈಲು ಹತ್ತುತ್ತೇನೆ. ಸ್ಟೇಷನ್ನಿಗೆ ಬಾ. ನಿನ್ನ ಅಪ್ಪನ ವಿಷಯ ನನಗೇನೂ ಅನಿಸುತ್ತಿಲ್ಲ. ವಯಸ್ಸಾದ ಮೇಲೆ ಯಾರಿಗೆ ಬಾರದ ಕಾಯಿಲೆ? ನಿನಗೆ ತಿಳಿದಿರಲಿ ಎಂದು ಬರೆದೆ, ಅಷ್ಟೆ.

ಮುತ್ತುಗಳೊಂದಿಗೆ,
ನಿನ್ನ ಅಮ್ಮ
ರಿಮ್ಮಾ

ಮತ್ತೆ: ಈ ಕಾಗದ ಇನ್ನೂ ಚೀಲದಲ್ಲೇ ಇತ್ತು. ಲಕೋಟೆಯ ಮೇಲೆ ಶೆಕ್ಸ್ನಾದ ಮುದ್ರೆ ನೋಡಿ ನೀನು ಹೇಗೂ ಊಹಿಸಿರುತ್ತೀಯೆ. ಹಡಗು ಹೊರಡುವ ಸಿಳ್ಳೆ ಹಾಕಿದಾಗ ನಾನು ಬೆಂಚಿನಿಂದ ಏಳಲಿಲ್ಲ. ಕಪಿತೊಲಿನಾ ನನ್ನ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಪಕ್ಕದಲ್ಲಿಟ್ಟು, "ಕಿಝಿ ಚರ್ಚು ಎಲ್ಲೂ ಓಡಿಹೋಗಲ್ಲ, ನಾನು ಫೋಟೋ ಕಳಿಸ್ತೀನಿ, ನೀನು ಬಸ್ಸು ಹಿಡಿ" ಎಂದು ಗದರಿ ಹೋದಳು. ನಾನು ಶೆಕ್ಸ್ನಾ ಮುಟ್ಟಿದಾಗ ನಿನ್ನ ಅಪ್ಪ ತರಕಾರಿ ಮಡಿಯಲ್ಲಿ ಕೂತು ಸಬ್ಬಸಿಗೆಯನ್ನು ಮುಟ್ಟಿ ಮುಟ್ಟಿ ಕೀಳುತ್ತಿದ್ದರು. ಮೊನ್ನೆಯ ಹಡಗಿನಲ್ಲಿ ನಾನಿದ್ದೆ ಎಂದೆ. ತಲೆ ಎತ್ತದೆ, "ಗೊತ್ತು. ಬೆಳ್ಳಗೆ ಮಂಜು ಮಂಜಾಗಿ ಎಲ್ಲಾ ಅಲ್ಲಾಡ್ತಿತ್ತು, ಒಂದು ಮಾತ್ರ ಅಲ್ಲಾಡ್ಲಿಲ್ಲ. ಈ ನದೀಲಿ ನನ್ ಮೇಲೆ ಅಷ್ಟು ಸಿಟ್ಟಿರೋಳು ಇನ್ಯಾರಿದಾರೆ?" ಎಂದರು. ಸೆಪ್ಟೆಂಬರಿನಲ್ಲಿ ವೊಲೊಗ್ದಾದಲ್ಲಿ ಕಣ್ಣಿನ ಆಪರೇಷನ್ ಮಾಡುತ್ತಾರಂತೆ. ಆಮೇಲೆ ಹನಿ ಹಾಕಲು ಮನೆಯಲ್ಲಿ ಯಾರೂ ಇಲ್ಲವೆಂದು ಇವರೇ ಮುಂದೂಡುತ್ತಿದ್ದರು. ಅಗ್ನ್ಯೂಶಾ, ಸ್ಟೇಷನ್ನಿಗೆ ಬರಬೇಡ. ನನ್ನ ಬೂದು ಬಣ್ಣದ ಚಳಿಗಾಲದ ಕೋಟು ಬೀರುವಿನ ಬಲಗಡೆ ಇದೆ, ಗುಂಡಿ ಸಡಿಲವಾಗಿದೆ, ಪರವಾಗಿಲ್ಲ, ಇಲ್ಲೇ ಹೊಲಿದುಕೊಳ್ಳುತ್ತೇನೆ. ಕಂಬಳಿ ಬೂಟಿನ ಜೊತೆಗೆ ಅದನ್ನು ಪಾರ್ಸೆಲ್ ಮಾಡು.